ಕಾರಿಗೆ ಜಾಸ್ತಿ ಕಟ್ ಬೇಕಾ? ಮೊದ್ಲು ಗಾಲಿನ ತಡೀತಿರೋದು ಏನು ಅಂತ ನೋಡಿ

ಆಗುಂಬೆ ಘಾಟಿಲಿ 14 ಹೇರ್‌ಪಿನ್ ಇದಾವೆ, ತೀರ್ಥಹಳ್ಳಿ ಕಡೆ ತೋಟದ ಮನೆಗಳಿಗೆ ಹೋಗೋ ದಾರೀಲಿ ಅದಕ್ಕಿಂತ ಇಕ್ಕಟ್ಟು, ಫುಲ್ ಕಟ್ ಹೊಡೆದ್ರೂ (ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೂ) ಒಂದೇ ಸಲಕ್ಕೆ ತಿರುಗಲ್ಲ, ಚರಂಡಿ ಪಕ್ಕ ರಿವರ್ಸ್ ತಗೋಬೇಕು. ಅದಕ್ಕೇ ಸ್ಟೇರಿಂಗ್ ಕಟ್ ಜಾಸ್ತಿ ಮಾಡೋದು ಹೇಗೆ ಅಂತ ತುಂಬಾ ಜನ ಕೇಳ್ತಾರೆ. ಆಟೋಮೊಬೈಲ್ ಓದ್ತಿರೋರು ಇದನ್ನ ಲೆಕ್ಕ ಹಾಕಿಯೇ ನೋಡ್ಬೇಕು.

ವೀಲ್‌ಬೇಸನ್ನ (ಮುಂದಿನ-ಹಿಂದಿನ ಗಾಲಿ ನಡುವಿನ ದೂರ) ತಿರುವಿನ ಹೊರಗಿನ ಬದಿಯ ಮುಂದಿನ ಗಾಲಿ ಕೋನದ ಸೈನ್‌ನಿಂದ ಭಾಗಿಸಿದ್ರೆ ಟರ್ನಿಂಗ್ ರೇಡಿಯಸ್ ಹತ್ತಿರ ಹತ್ತಿರ ಸಿಗುತ್ತೆ. ವೀಲ್‌ಬೇಸ್ 2.4 ಮೀಟರ್ ಅಂದ್ಕೊಳ್ಳಿ, 30 ಡಿಗ್ರಿಗೆ 4.8 ಮೀಟರ್, 35 ಡಿಗ್ರಿಗೆ ಸುಮಾರು 4.2. ಐದು ಡಿಗ್ರಿಗೆ ಅರ್ಧ ಮೀಟರ್‌ಗಿಂತ ಜಾಸ್ತಿ ಲಾಭ, ಘಾಟಿ ತಿರುವಲ್ಲಿ ಅದು ಸಣ್ಣದಲ್ಲ. ಆದ್ರೆ ಒಳಗಿನ ಗಾಲಿ ಯಾವಾಗ್ಲೂ ಹೊರಗಿಂದಕ್ಕಿಂತ ಜಾಸ್ತಿ ತಿರುಗ್ಬೇಕು, 1818ರಲ್ಲಿ ಇಂಗ್ಲೆಂಡಲ್ಲಿ ಪೇಟೆಂಟ್ ಆದ ಆಕರ್ಮನ್ ಲೆಕ್ಕ ಇದೇ. ಎರಡು ಗಾಲಿ ನಡುವೆ 1.4 ಮೀಟರ್ ಇದ್ರೆ ಹೊರಗಿನದು 30 ಡಿಗ್ರಿ ಇದ್ದಾಗ ಒಳಗಿನದು 41, ಹೊರಗಿನದನ್ನ 35 ಮಾಡಿದ್ರೆ ಒಳಗಿನದು 50 ಆಗ್ಬೇಕು! ಫ್ರಂಟ್ ವೀಲ್ ಡ್ರೈವ್ ಕಾರಿನ ಸಿವಿ ಜಾಯಿಂಟ್ (ತಿರುಗಿದ ಗಾಲಿಗೂ ಎಂಜಿನ್ ಶಕ್ತಿ ಮುಟ್ಟಿಸೋ ಕೀಲು) 45-47 ಡಿಗ್ರಿ ಆಸುಪಾಸಲ್ಲೇ ಮುಗಿದುಹೋಗುತ್ತೆ. ಕಂಪನಿಯವ್ರು ಪೂರ್ತಿ ಆಕರ್ಮನ್ ಇಡಲ್ಲ ನಿಜ, ಆದ್ರೂ ಜಾಗ ಕಮ್ಮಿ. ಓಮ್ನಿ ತರ ಹಿಂದಿನ ಗಾಲಿಗೆ ಎಂಜಿನ್ ಶಕ್ತಿ ಹೋಗೋ ಗಾಡಿಗೆ ಈ ತಾಪತ್ರಯ ಇಲ್ಲ.

ಈಗ ವಿಧಾನ. ಸ್ಟೇರಿಂಗ್ ತಿರುಗಿಸಿದಾಗ ಎಡಕ್ಕೂ ಬಲಕ್ಕೂ ಓಡೋ ಹಲ್ಲಿನ ಸರಳೇ ರ‍್ಯಾಕ್, ಅದರ ತುದಿಯಿಂದ ಗಾಲಿ ಕಡೆ ಹೋಗೋದು ಟೈ ರಾಡ್. ಸುಲಭದ್ದು ರ‍್ಯಾಕ್ ಸ್ಪೇಸರ್, ಒಳಗಿನ ಟೈ ರಾಡ್ ಬಿಚ್ಚಿ ರ‍್ಯಾಕ್ ತುದಿಗೆ ಒಂದು ದಪ್ಪ ವಾಷರ್ ಕೂರಿಸೋದು, ರ‍್ಯಾಕ್ ಅಷ್ಟು ಜಾಸ್ತಿ ಓಡುತ್ತೆ. ಸ್ಟೇರಿಂಗ್ ಆರ್ಮ್ (ಟೈ ರಾಡ್ ತಳ್ಳಿ ಎಳೆದು ಗಾಲಿ ತಿರುಗಿಸೋ ತೋಳು) 120 ಮಿ.ಮೀ. ಇದ್ರೆ 5 ಮಿ.ಮೀ. ಸ್ಪೇಸರಿಗೆ ಎರಡೂವರೆ ಮೂರು ಡಿಗ್ರಿ ಸಿಗುತ್ತೆ, ಅಷ್ಟೇ. ಅದಕ್ಕೆ ಬದಲಾಗಿ ಟೈ ರಾಡ್ ಥ್ರೆಡ್ ಹಿಡಿಯೋದು 5 ಮಿ.ಮೀ. ಕಮ್ಮಿ ಆಗುತ್ತೆ, ಟೋ (ಮುಂದಿನ ಗಾಲಿಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರೋ ಅಳತೆ) ಕೆಡುತ್ತೆ. ಇನ್ನೊಂದು ದಾರಿ ಆರ್ಮ್ ಗಿಡ್ಡ ಮಾಡೋದು, 60 ಮಿ.ಮೀ. ಓಟಕ್ಕೆ 120ರ ಆರ್ಮ್ 30 ಡಿಗ್ರಿ ತಿರುಗಿದ್ರೆ 100ರ ಆರ್ಮ್ ಸುಮಾರು 37 ತಿರುಗುತ್ತೆ, ಆದ್ರೆ ಸ್ಟೇರಿಂಗ್ ಭಾರ, ಟೈ ರಾಡ್ ಮೇಲೆ ಐದರಲ್ಲೊಂದು ಪಾಲು ಜಾಸ್ತಿ ಹೊರೆ. ನಕಲ್ (ಗಾಲಿ ಕೂರೋ, ಸ್ಟೇರಿಂಗ್ ಆರ್ಮ್ ಇರೋ ಲೋಹದ ಭಾಗ) ಕೊಯ್ದು ವೆಲ್ಡಿಂಗ್ ಮಾಡ್ಸೋದಂತೂ ಬೇಡವೇ ಬೇಡ, ಘಾಟಿ ಇಳಿವಾಗ ಅದು ಬಿರುಕು ಬಿಟ್ರೆ ಕಾರು ನಮ್ಮ ಕೈಲಿರಲ್ಲ.

ನನ್ನ ಪ್ರಕಾರ ಸ್ಪೇಸರ್ ತರೋಕೆ ಮುಂಚೆ ಕಾರು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು, ಫುಲ್ ಕಟ್ ಮಾಡಿ ಟಾರ್ಚ್ ಹಿಡಿದು ನೋಡಿ. ಟಯರು ಫೆಂಡರ್ ಲೈನರಿಗೋ (ಗಾಲಿ ಗೂಡಿನ ಒಳಹೊದಿಕೆ) ಲೋವರ್ ಆರ್ಮಿಗೋ (ಸಸ್ಪೆನ್ಷನ್ನಿನ ಕೆಳಗಿನ ತೋಳು) ಆಗ್ಲೇ ಬೆರಳಗಲದಲ್ಲಿದ್ರೆ ಸ್ಪೇಸರಿಂದ ಏನೂ ಸಿಗಲ್ಲ. ಸಸ್ಪೆನ್ಷನ್ ಕೆಳಗಿಂದ ಒತ್ತಿದಾಗ್ಲೂ ನೋಡ್ಬೇಕು, ಗುಂಡೀಲಿ ಗಾಲಿ ಮೇಲೆ ಬರುತ್ತಲ್ಲ. ಬ್ರೇಕ್ ಹೋಸ್ ಬಿಗಿ ಆಗ್ತಿದ್ಯಾ, ಟೈ ರಾಡೂ ಸ್ಟೇರಿಂಗ್ ಆರ್ಮೂ ಒಂದೇ ಗೆರೆಗೆ ಬರ್ತಿವೆಯಾ ಅಂತ ನೋಡಿ, ಒಂದೇ ಗೆರೆಗೆ ಬಂದ್ರೆ ಗಾಲಿ ಆಚೆ ಮಗುಚಿ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ, ಸ್ಟೇರಿಂಗ್ ವಾಪಸ್ ಬರಲ್ಲ. ಇಷ್ಟೂ ಸರಿ ಇದ್ರೆ ಮಾತ್ರ ಸ್ಪೇಸರ್ ಹಾಕಿ ಅಲೈನ್‌ಮೆಂಟ್ ಮಾಡ್ಸಿ.