ಪದ ಪರಿಚಯ: ಕೂಲಂಟ್ ತಾಪಮಾನ

ಎಂಜಿನ್ನಿನ ಒಳಗೆ ಸುತ್ತುತ್ತಿರುವ ಬಣ್ಣದ ದ್ರವವನ್ನು ಪಠ್ಯಪುಸ್ತಕಗಳು ‘ಶೀತಕ’ ಎನ್ನುತ್ತವೆ, ಗ್ಯಾರೇಜಿನವರು ‘ಕೂಲಂಟ್’ ಎನ್ನುತ್ತಾರೆ, ಹಳೆಯ ಲಾರಿ ಚಾಲಕರು ‘ರೇಡಿಯೇಟರ್ ನೀರು’ ಎನ್ನುತ್ತಾರೆ. ಮೊದಲ ಎರಡು ಹೆಸರುಗಳಲ್ಲಿ ಒಂದು ತೊಡಕಿದೆ. ತಣಿಸುವುದೇ ಆ ದ್ರವದ ಕೆಲಸ, ಹೆಚ್ಚು ತಣಿಸಿದಷ್ಟೂ ಎಂಜಿನ್ನಿಗೆ ಒಳ್ಳೆಯದು ಎಂಬ ಭಾವನೆಯನ್ನು ಅವು ಸದ್ದಿಲ್ಲದೆ ಬಿತ್ತುತ್ತವೆ. ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ ವೇಗದ ಕಾರನ್ನು ಕೊಂಡವರು, ಅದರಲ್ಲೂ ರೀಮ್ಯಾಪ್ ಮಾಡಿಸಿ, ಅಂದರೆ ಎಂಜಿನ್ನಿನ ಕಂಪ್ಯೂಟರಿನ ಹೊಂದಿಕೆಯನ್ನು ಬದಲಿಸಿ, ಶಕ್ತಿ ಹೆಚ್ಚಿಸಿಕೊಂಡವರು, ಈ ಭಾವನೆಯನ್ನೇ ನಂಬಿ ಬೇಡದ ಬಿಡಿಭಾಗಗಳಿಗೆ ಹಣ ಸುರಿಯುವುದುಂಟು. ಆ ದ್ರವ ವಾಸ್ತವವಾಗಿ ಉಷ್ಣವನ್ನು ಎಂಜಿನ್ನಿನಿಂದ ರೇಡಿಯೇಟರಿಗೆ ಹೊರುವ ವಾಹಕ; ಅದರ ತಾಪಮಾನಕ್ಕೆ ಮೇಲಿನಂತೆಯೇ ಕೆಳಗೂ ಒಂದು ಮಿತಿಯಿದೆ. ಪಾಕಕ್ಕೆ ಇರುವಂತೆ ಇದಕ್ಕೂ ಒಂದು ಹದವಿದೆ, ಮತ್ತು ಆ ಹದವು ಎಂಜಿನ್ ಮಾಡುತ್ತಿರುವ ಕೆಲಸಕ್ಕೆ ತಕ್ಕಂತೆ ಬದಲಾಗುತ್ತದೆ.

ಕೂಲಂಟ್ ತಾಪಮಾನ ಎಂದಾಗ ನಾವು ಹೇಳುತ್ತಿರುವುದು ಒಂದು ನಿರ್ದಿಷ್ಟ ಜಾಗದ ತಾಪಮಾನವನ್ನು. ಸಾಮಾನ್ಯವಾಗಿ ಎಂಜಿನ್ನಿನ ಮೇಲ್ಭಾಗವಾದ ಸಿಲಿಂಡರ್ ಹೆಡ್ಡಿನಿಂದ ದ್ರವ ಹೊರಬರುವ ಕಡೆ ಒಂದು ಸೆನ್ಸರ್ ಇರುತ್ತದೆ. ಬಿಸಿಯಾದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಆ ಇಳಿಕೆಯನ್ನು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯು ಡಿಗ್ರಿಯಾಗಿ ಓದಿಕೊಳ್ಳುತ್ತದೆ. ಆದ್ದರಿಂದ ಪರದೆಯ ಮೇಲೆ 95 ಡಿಗ್ರಿ ಕಂಡರೆ ಎಂಜಿನ್ನಿನ ಲೋಹವೂ 95 ಡಿಗ್ರಿಯಲ್ಲಿದೆ ಎಂದು ತಿಳಿಯಬಾರದು. ಹೊಗೆಯನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಸುತ್ತಲಿನ ಲೋಹ ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ ಮತ್ತು ಅಲ್ಲಿಗೆ ತಾಗಿದ ಕೂಲಂಟ್ ಸಣ್ಣ ಸಣ್ಣ ಗುಳ್ಳೆಗಳಾಗಿ ಕುದಿಯುತ್ತಲೇ ಇರುತ್ತದೆ. ಈ ಕುದಿತ ದೋಷವಲ್ಲ. ಗುಳ್ಳೆ ಎದ್ದು ಮುಂದೆ ಸಾಗಿ, ತುಸು ತಣ್ಣನೆಯ ದ್ರವದಲ್ಲಿ ಕರಗಿಹೋಗುವ ಈ ಕ್ರಿಯೆ ಲೋಹದಿಂದ ಉಷ್ಣವನ್ನು ಬಹಳ ಚುರುಕಾಗಿ ಎತ್ತಿಕೊಳ್ಳುತ್ತದೆ. ಅಪಾಯವಿರುವುದು ಅದರ ಮುಂದಿನ ಹಂತದಲ್ಲಿ. ಚೆನ್ನಾಗಿ ಕಾದ ದೋಸೆ ಹೆಂಚಿಗೆ ನೀರು ಚಿಮುಕಿಸಿದಾಗ ಹನಿಗಳು ಚುರ್ ಎಂದು ಇಂಗದೆ ಮಣಿಗಳಾಗಿ ಓಡಾಡುವುದನ್ನು ಎಲ್ಲರೂ ನೋಡಿದ್ದೇವೆ. ಹನಿಗೂ ಹೆಂಚಿಗೂ ನಡುವೆ ಆವಿಯ ಪದರವೊಂದು ಹುಟ್ಟಿ ಎರಡನ್ನೂ ಬೇರ್ಪಡಿಸುವುದೇ ಅದಕ್ಕೆ ಕಾರಣ. ಸಿಲಿಂಡರ್ ಹೆಡ್ಡಿನೊಳಗೆ ಅಂಥ ಪದರ ಕಟ್ಟಿಕೊಂಡರೆ ಆ ಜಾಗದ ಲೋಹಕ್ಕೆ ದ್ರವದ ಸ್ಪರ್ಶವೇ ಇಲ್ಲದಂತಾಗಿ, ಸೆನ್ಸರಿಗೆ ಸುಳಿವು ಸಿಗುವ ಮೊದಲೇ ಅಲ್ಲಿನ ತಾಪ ವಿಪರೀತ ಏರಿಬಿಡಬಹುದು. ಇಡೀ ವ್ಯವಸ್ಥೆಯನ್ನು ಒತ್ತಡದಲ್ಲಿ ಇಡುವುದರ ಮುಖ್ಯ ಉದ್ದೇಶ ಈ ಹಂತವನ್ನು ದೂರ ತಳ್ಳುವುದು.

ಟರ್ಬೊ ಎಂಜಿನ್ನಿನಲ್ಲಿ ಈ ಪ್ರಶ್ನೆ ಏಕೆ ತೀವ್ರವಾಗುತ್ತದೆ ಎಂಬುದಕ್ಕೆ ಲೆಕ್ಕ ಸರಳವಾಗಿದೆ. ಪೆಟ್ರೋಲಿನ ಉಷ್ಣದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಚಕ್ರಗಳ ಕಡೆಗೆ, ಇನ್ನೊಂದು ಪಾಲು ಹೊಗೆಯೊಡನೆ, ಉಳಿದ ಪಾಲು ಕೂಲಂಟಿಗೆ ಮತ್ತು ಸುತ್ತಲಿನ ಗಾಳಿಗೆ ಹೋಗುತ್ತದೆ ಎಂಬುದು ಹಳೆಯ ಕೈಲೆಕ್ಕ. ಟರ್ಬೊ ಬಂದಾಗ ಅದೇ ಗಾತ್ರದ ಸಿಲಿಂಡರಿನಲ್ಲಿ ಹೆಚ್ಚು ಗಾಳಿ, ಹೆಚ್ಚು ಇಂಧನ ಉರಿಯುತ್ತದೆ. ಉಷ್ಣ ಹೆಚ್ಚುತ್ತದೆ, ಅದು ಹಾದುಹೋಗಬೇಕಾದ ಲೋಹದ ವಿಸ್ತಾರ ಮಾತ್ರ ಹೆಚ್ಚುವುದಿಲ್ಲ. ಒಂದು ಎಂಜಿನ್ ಪೂರ್ಣ ಭಾರದಲ್ಲಿ 100 ಕಿಲೋವ್ಯಾಟ್ ಉಷ್ಣವನ್ನು ಕೂಲಂಟಿಗೆ ಬಿಡುತ್ತಿದೆ ಎಂದಿಟ್ಟುಕೊಳ್ಳೋಣ. ನೀರು ಮತ್ತು ಗ್ಲೈಕಾಲ್ (ಕೂಲಂಟಿನಲ್ಲಿ ನೀರಿನೊಡನೆ ಬೆರೆಸುವ ರಾಸಾಯನಿಕ) ಅರ್ಧಕ್ಕರ್ಧ ಬೆರೆತ ದ್ರವದ ಒಂದು ಕಿಲೋ, ಒಂದು ಡಿಗ್ರಿ ಬಿಸಿಯಾಗಲು ಸುಮಾರು 3.5 ಕಿಲೋಜೂಲ್ ಉಷ್ಣವನ್ನು ಹೀರುತ್ತದೆ. ಎಂಜಿನ್ನನ್ನು ಹೊಕ್ಕು ಹೊರಬರುವಷ್ಟರಲ್ಲಿ ದ್ರವ 10 ಡಿಗ್ರಿಯಷ್ಟೇ ಏರಬೇಕೆಂದರೆ ಪಂಪು ಪ್ರತಿ ಸೆಕೆಂಡಿಗೆ ಮೂರು ಲೀಟರಿಗೆ ಹತ್ತಿರ ಹರಿಸಬೇಕು. ಹತ್ತು ಲೀಟರಿನ ಕೊಡವೊಂದು ನಾಲ್ಕು ಸೆಕೆಂಡಿನೊಳಗೆ ತುಂಬುವ ವೇಗವದು.

ಇದರ ಮೇಲೆ ಟರ್ಬೊದ ಸ್ವಂತ ಭಾರವೂ ಇದೆ. ಪೆಟ್ರೋಲ್ ಎಂಜಿನ್ನಿನ ಹೊಗೆ ಟರ್ಬೈನನ್ನು ತಲುಪುವಾಗ ಪೂರ್ಣ ಭಾರದಲ್ಲಿ 900 ಡಿಗ್ರಿಯ ಆಚೀಚೆ ಇರುವುದು ಸಾಮಾನ್ಯ. ಹೊಗೆ ತಿರುಗಿಸುವ ಚಕ್ರವಾದ ಟರ್ಬೈನಿಗೂ ಗಾಳಿಯನ್ನು ಒತ್ತುವ ಚಕ್ರವಾದ ಕಂಪ್ರೆಸರಿಗೂ ನಡುವೆ ಬೇರಿಂಗ್ ಇರುವ ಭಾಗದ ಸುತ್ತ ಕೂಲಂಟ್ ಹರಿಯುತ್ತದೆ. ಇಲ್ಲವಾದರೆ ಅಲ್ಲಿನ ಆಯಿಲ್ ಸೀದು ಇದ್ದಿಲಾಗುತ್ತದೆ. ಅನೇಕ ಕಾರುಗಳಲ್ಲಿ ಎಂಜಿನ್ ಆಯಿಲ್ ತನ್ನ ಉಷ್ಣವನ್ನು ಕೂಲಂಟಿಗೇ ಒಪ್ಪಿಸುತ್ತದೆ. ಹೀಗೆ ಎಲ್ಲರ ಸಾಲವೂ ಕೊನೆಗೆ ಬಂದು ಸೇರುವುದು ಒಂದೇ ರೇಡಿಯೇಟರಿನ ಲೆಕ್ಕಕ್ಕೆ.

ನಮ್ಮ ರಸ್ತೆಗಳಲ್ಲಿ ಕಾಣಸಿಗುವ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 2017ರಲ್ಲಿ ಭಾರತಕ್ಕೆ 230 ಅಶ್ವಶಕ್ತಿಯೊಂದಿಗೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಕಾರಿನಲ್ಲಿ ಇದ್ದುದು ಫೋಕ್ಸ್‌ವ್ಯಾಗನ್ ಸಮೂಹದ ಇಎ888 ಎಂಜಿನ್ನಿನ ಮೂರನೆಯ ಪೀಳಿಗೆ. ಈ ಎಂಜಿನ್ನಿನಲ್ಲಿ ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪ್ರತ್ಯೇಕ ಭಾಗವಲ್ಲ. ಅದನ್ನು ಸಿಲಿಂಡರ್ ಹೆಡ್ಡಿನೊಳಗೇ ಎರಕ ಹೊಯ್ದು ಸುತ್ತಲೂ ಕೂಲಂಟ್ ಹರಿಸಲಾಗಿದೆ. ಮೊದಲ ನೋಟಕ್ಕೆ ಇದು ಹೊರಗೆ ಹೋಗುತ್ತಿದ್ದ ಬಿಸಿಯನ್ನು ಕರೆದು ಒಳಗೆ ಕೂರಿಸಿಕೊಂಡಂತೆ ಕಾಣುತ್ತದೆ, ಮತ್ತು ರೇಡಿಯೇಟರಿನ ಹೊರೆ ಹೆಚ್ಚುವುದೂ ನಿಜ. ಪ್ರತಿಯಾಗಿ ಸಿಗುವುದು ಎರಡು ಲಾಭ. ತಣ್ಣಗಿರುವ ಎಂಜಿನ್ ಹೊಗೆಯ ಉಷ್ಣವನ್ನು ಬಳಸಿಕೊಂಡು ಬೇಗ ಹದಕ್ಕೆ ಬರುತ್ತದೆ. ಪೂರ್ಣ ಭಾರದಲ್ಲಿ ಹೊಗೆ ಟರ್ಬೈನನ್ನು ತಲುಪುವ ಮೊದಲೇ ತುಸು ತಣಿಯುವುದರಿಂದ, ಟರ್ಬೊವನ್ನು ಕಾಪಾಡುವ ಸಲುವಾಗಿ ಹೆಚ್ಚುವರಿ ಪೆಟ್ರೋಲನ್ನು ಸುರಿಯುವ ಹಳೆಯ ಉಪಾಯದ ಅಗತ್ಯ ಕಡಿಮೆಯಾಗುತ್ತದೆ.

ಅದೇ ಎಂಜಿನ್ನಿನಲ್ಲಿ ದ್ರವದ ದಾರಿಯನ್ನು ನಿಯಂತ್ರಿಸುವ ಮುಖ್ಯ ಭಾಗ ತಾಪ ಏರಿದಾಗ ತಾನಾಗಿ ತೆರೆಯುವ ಮೇಣದ ಥರ್ಮೋಸ್ಟಾಟ್ ಅಲ್ಲ, ಇಸಿಯು ಆಜ್ಞೆಯಂತೆ ಮೋಟಾರಿನಿಂದ ತಿರುಗುವ ರೋಟರಿ ವಾಲ್ವ್. ಕೂಲಂಟನ್ನು 85ರಿಂದ 107 ಡಿಗ್ರಿಯವರೆಗಿನ ಯಾವ ಮಟ್ಟದಲ್ಲಾದರೂ ನಿಲ್ಲಿಸಲು ಅದಕ್ಕೆ ಸಾಧ್ಯ. ಹೆದ್ದಾರಿಯಲ್ಲಿ ನಿಧಾನವಾಗಿ ಸಾಗುವಾಗ ಇಸಿಯು ಬೇಕೆಂದೇ ಹೆಚ್ಚಿನ ತಾಪವನ್ನು ಆರಿಸುತ್ತದೆ. ಸಿಲಿಂಡರ್ ಗೋಡೆ ಬಿಸಿಯಾಗಿದ್ದರೆ ಆಯಿಲ್ ತೆಳುವಾಗಿ ಘರ್ಷಣೆ ತಗ್ಗುತ್ತದೆ, ಗೋಡೆಗೆ ಸೋರಿಹೋಗುವ ಉಷ್ಣವೂ ತಗ್ಗುತ್ತದೆ, ಪೆಟ್ರೋಲ್ ಉಳಿಯುತ್ತದೆ. ಆಕ್ಸಿಲರೇಟರನ್ನು ಒತ್ತಿದಾಗ ಪರಿಸ್ಥಿತಿ ತಿರುಗುಮುರುಗಾಗುತ್ತದೆ: ಬಿಸಿಯಾದ ಕೋಣೆಯಲ್ಲಿ ಒತ್ತಿದ ಗಾಳಿ–ಇಂಧನದ ಮಿಶ್ರಣ ಸ್ಪಾರ್ಕಿನ ಜ್ವಾಲೆ ಬಂದು ತಲುಪುವ ಮೊದಲೇ ತಾನಾಗಿ ಸಿಡಿಯಬಹುದು. ಇದನ್ನೇ ನಾಕ್ ಎನ್ನುವುದು. ಆದ್ದರಿಂದ ಇಸಿಯು ಕೂಲಂಟಿನ ಗುರಿಯನ್ನು ಕೆಳಗಿಳಿಸುತ್ತದೆ, ಅದೂ ಸಾಲದಿದ್ದರೆ ಸ್ಪಾರ್ಕನ್ನು ತಡಮಾಡಿ ಎಂಜಿನ್ನನ್ನು ರಕ್ಷಿಸುತ್ತದೆ. ಆಗ ಚಾಲಕನಿಗೆ ಕಾರು ಸ್ವಲ್ಪ ಸೊರಗಿದಂತೆ ಅನ್ನಿಸುತ್ತದೆ. 105 ಡಿಗ್ರಿ ಎಂಬ ಒಂದೇ ಅಂಕಿ ಹೆದ್ದಾರಿಯ ಸಾವಧಾನದ ಓಟದಲ್ಲಿ ಆರೋಗ್ಯದ ಲಕ್ಷಣ, ರೇಸ್ ಟ್ರ್ಯಾಕಿನ ಮೂರನೆಯ ಸುತ್ತಿನಲ್ಲಿ ಎಚ್ಚರಿಕೆಯ ಲಕ್ಷಣ.

ಇಲ್ಲಿಂದ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವ ವಿಷಯಕ್ಕೆ, ಅಂದರೆ ಥರ್ಮೋಸ್ಟಾಟಿಗೆ ಬರಬೇಕು. ಸಾಂಪ್ರದಾಯಿಕ ಥರ್ಮೋಸ್ಟಾಟಿನಲ್ಲಿ ಮೇಣ ತುಂಬಿದ ಪುಟ್ಟ ಕೊಳವೆಯೊಂದಿದ್ದು, ನಿಗದಿತ ತಾಪದಲ್ಲಿ ಮೇಣ ಕರಗಿ ಹಿಗ್ಗಿ ರೇಡಿಯೇಟರಿನ ದಾರಿಯನ್ನು ತೆರೆಯುತ್ತದೆ. ‘ಬಂಡಿ ಹೀಟ್ ಆಗ್ತಿದೆ’ ಎಂದು 88 ಡಿಗ್ರಿಗೆ ತೆರೆಯುವುದನ್ನು ತೆಗೆದು 71 ಡಿಗ್ರಿಗೆ ತೆರೆಯುವುದನ್ನು ಹಾಕಿಸುವವರಿದ್ದಾರೆ. ಆದರೆ ಕೆರೆಯ ತೂಬನ್ನು ಬೇಗ ಎತ್ತಿದ ಮಾತ್ರಕ್ಕೆ ಕಾಲುವೆ ಅಗಲವಾಗುವುದಿಲ್ಲ. ಥರ್ಮೋಸ್ಟಾಟ್ ನಿರ್ಧರಿಸುವುದು ತಾಪದ ಕೆಳಗಿನ ಮಿತಿಯನ್ನು ಮಾತ್ರ. ಅದು ಪೂರ್ತಿ ತೆರೆದ ಮೇಲೆ ಮೇಲಿನ ಮಿತಿಯನ್ನು ನಿರ್ಧರಿಸುವುದು ರೇಡಿಯೇಟರ್, ಪಂಪು ಮತ್ತು ಗಾಳಿ. ಸತತವಾಗಿ ಓಡುವ ಕಾರು 115 ಡಿಗ್ರಿಗೆ ಏರುತ್ತಿದ್ದರೆ, 71ರ ಥರ್ಮೋಸ್ಟಾಟ್ ಹಾಕಿದರೂ ಅಷ್ಟಕ್ಕೇ ಏರುತ್ತದೆ, ಕೆಲವು ಕ್ಷಣ ತಡವಾಗಿ. ಉಳಿದ ಹೊತ್ತಿನಲ್ಲಿ ಮಾತ್ರ ಎಂಜಿನ್ ಹದಕ್ಕೆ ಬಾರದೆ, ಪೂರ್ತಿ ಆವಿಯಾಗದ ಪೆಟ್ರೋಲ್ ಆಯಿಲ್ ಜೊತೆ ಸೇರಿ ಅದನ್ನು ತೆಳುವಾಗಿಸುತ್ತದೆ, ಸವಕಳಿ ಹೆಚ್ಚುತ್ತದೆ.

ರೇಡಿಯೇಟರಿನ ಸಾಮರ್ಥ್ಯಕ್ಕೂ ತಾಪಮಾನಕ್ಕೂ ಇರುವ ನಂಟು ಇನ್ನಷ್ಟು ಕುತೂಹಲದ್ದು. ಅದು ಹೊರಹಾಕುವ ಉಷ್ಣವು ಕೂಲಂಟಿಗೂ ಹೊರಗಿನ ಗಾಳಿಗೂ ಇರುವ ಅಂತರಕ್ಕೆ ಅನುಗುಣವಾಗಿರುತ್ತದೆ. ಗಾಳಿ 35 ಡಿಗ್ರಿ ಇರುವ ದಿನ 90 ಡಿಗ್ರಿಯ ಕೂಲಂಟಿಗೆ ಸಿಗುವ ಅಂತರ 55. ಅದೇ 105ಕ್ಕೆ ಏರಿದರೆ 70. ಅಂದರೆ ಅದೇ ರೇಡಿಯೇಟರ್ ಮೊದಲು ಹೊರಹಾಕುತ್ತಿದ್ದುದರ ಮೇಲೆ ಇನ್ನೂ ಕಾಲುಪಾಲಿಗೂ ಮಿಕ್ಕಿದ ಉಷ್ಣವನ್ನು ಹೊರಹಾಕುತ್ತದೆ. ಆದ್ದರಿಂದ ತಾಪ ಏರುತ್ತ ಹೋಗಿ ಎಲ್ಲೋ ಒಂದೆಡೆ ನಿಲ್ಲುವುದು ಸಹಜ. ನಿಲ್ಲದೆ ಏರುತ್ತಲೇ ಹೋಗುವುದು ರೋಗದ ಕುರುಹು.

ಗಾಳಿಯ ವಿಷಯದಲ್ಲಿ ಟರ್ಬೊ ಕಾರಿಗೆ ಇನ್ನೊಂದು ಇಕ್ಕಟ್ಟಿದೆ. ರೇಡಿಯೇಟರಿನ ಮುಂದೆ ಎಸಿಯ ಕಂಡೆನ್ಸರ್ ನಿಂತಿರುತ್ತದೆ, ಅನೇಕ ಕಾರುಗಳಲ್ಲಿ ಟರ್ಬೊ ಒತ್ತಿ ಬಿಸಿಯಾದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂಡ ಅದೇ ಸಾಲಿನಲ್ಲಿರುತ್ತದೆ. ಇವುಗಳನ್ನು ದಾಟಿ ಬರುವ ಗಾಳಿ ರೇಡಿಯೇಟರಿಗೆ ಮುಟ್ಟುವಾಗಲೇ ಬಿಸಿಯಾಗಿರುತ್ತದೆ. ದೊಡ್ಡ ಇಂಟರ್‌ಕೂಲರ್ ಹಾಕಿಸಿದರೆ ಎಂಜಿನ್ ಸೇವಿಸುವ ಗಾಳಿ ತಣಿಯುತ್ತದೆ, ಆದರೆ ಕೂಲಂಟ್ ಬಿಸಿಯೇರಬಹುದು. ಬಂಪರಿನ ಒಳಗೆ ಹೊಕ್ಕ ಗಾಳಿ ರೇಡಿಯೇಟರಿನ ದಟ್ಟ ಜಾಲರಿಯನ್ನು ಬಿಟ್ಟು ಪಕ್ಕದ ಸಂದುಗಳಲ್ಲಿ ನುಸುಳಿಹೋಗುವುದನ್ನು ಫೋಮು, ತಗಡುಗಳಿಂದ ಮುಚ್ಚುವ ಅಗ್ಗದ ಕೆಲಸವು ಎಷ್ಟೋ ಬಾರಿ ದುಬಾರಿ ರೇಡಿಯೇಟರಿಗಿಂತ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿಗಿಂತ ಶೇಕಡಾ 9ರಷ್ಟು ಕಡಿಮೆ. ಟರ್ಬೊ ಆ ಕೊರತೆಯನ್ನು ಹೆಚ್ಚು ವೇಗವಾಗಿ ತಿರುಗಿ ಎಂಜಿನ್ನಿಗೆ ತುಂಬಿಕೊಡುತ್ತದೆ; ರೇಡಿಯೇಟರಿಗೆ ತುಂಬಿಕೊಡುವವರು ಯಾರೂ ಇಲ್ಲ.

ಎತ್ತರದ ಊರಿನಲ್ಲಿ ಕೂಲಂಟ್ ಬೇಗ ಕುದಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ತೆರೆದ ಪಾತ್ರೆಯ ನೀರು ಬೆಂಗಳೂರಿನಲ್ಲಿ 97 ಡಿಗ್ರಿಗೇ ಕುದಿಯುವುದು ನಿಜ. ಆದರೆ ಕೂಲಂಟ್ ಡಬ್ಬಿಯ ಮುಚ್ಚಳ ಒತ್ತಡವನ್ನು ಹಿಡಿದಿಡುತ್ತದೆ. 1.4 ಬಾರ್ ಒತ್ತಡದವರೆಗೆ ತಡೆಯುವ ಮುಚ್ಚಳವಿದ್ದರೆ, ಆ ಒತ್ತಡದಲ್ಲಿ ಬರೀ ನೀರು ಕುದಿಯಲು ಕೂಡ ಸುಮಾರು 125 ಡಿಗ್ರಿ ಬೇಕು, ಗ್ಲೈಕಾಲ್ ಸೇರಿದರೆ ಇನ್ನೂ ಹೆಚ್ಚು. ಎತ್ತರದಿಂದಾಗುವ ವ್ಯತ್ಯಾಸ ಆಗ ಒಂದು ಡಿಗ್ರಿಯಷ್ಟೇ. ರಬ್ಬರು ಸತ್ತ ಮುಚ್ಚಳ ಈ ಇಡೀ ಲೆಕ್ಕವನ್ನು ಕೆಡಿಸುತ್ತದೆ. ಅರ್ಧಕ್ಕರ್ಧ ಮಿಶ್ರಣ ಹೆಪ್ಪುಗಟ್ಟುವುದು ಮೈನಸ್ 37 ಡಿಗ್ರಿಯ ಹತ್ತಿರ, ಅದು ನಮಗೆ ಬೇಕಿಲ್ಲ. ನಮಗೆ ಬೇಕಿರುವುದು ಏರಿದ ಕುದಿಬಿಂದು ಮತ್ತು ತುಕ್ಕು ತಡೆಯುವ ರಾಸಾಯನಿಕಗಳು. ಉಷ್ಣ ಹೊರುವುದರಲ್ಲಿ ಮಾತ್ರ ಬರೀ ನೀರೇ ಮೇಲು. ರೇಸಿನ ಕಾರುಗಳಲ್ಲಿ ನೀರಿಗೆ ತುಕ್ಕು ನಿರೋಧಕವನ್ನಷ್ಟೇ ಬೆರೆಸುವ ರೂಢಿಗೆ ಇದೊಂದು ಕಾರಣ. ಟ್ರ್ಯಾಕಿನ ಮೇಲೆ ಚೆಲ್ಲಿದ ಗ್ಲೈಕಾಲ್ ವಿಪರೀತ ಜಾರುತ್ತದೆ ಎಂಬುದು ಮತ್ತೊಂದು.

ಇಷ್ಟೆಲ್ಲ ಏರಿಳಿತವನ್ನು ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುತ್ತದೆಯೇ ಎಂದರೆ, ಅನೇಕ ಕಾರುಗಳಲ್ಲಿ ಇಲ್ಲ. ಚಾಲಕರು ಗಾಬರಿಯಾಗದಿರಲೆಂದು ಒಂದು ವಿಶಾಲ ವ್ಯಾಪ್ತಿಯುದ್ದಕ್ಕೂ ಮುಳ್ಳು ನಟ್ಟನಡುವೆ ನಿಲ್ಲುವಂತೆ ತಯಾರಕರೇ ಹೊಂದಿಸಿರುತ್ತಾರೆ. ಆ ಮುಳ್ಳು ಕದಲುವಷ್ಟರಲ್ಲಿ ತಡವಾಗಿರುತ್ತದೆ. ನಿಜವಾದ ಅಂಕಿ ಬೇಕಿದ್ದವರು ಸ್ಟೀರಿಂಗಿನ ಕೆಳಗಿನ ಒಬಿಡಿ (ಕಾರಿನ ತಪಾಸಣೆಗೆಂದು ಇರುವ) ಸಾಕೆಟ್ಟಿಗೆ ಅಗ್ಗದ ಅಡಾಪ್ಟರೊಂದನ್ನು ಸಿಕ್ಕಿಸಿ ಫೋನಿನಲ್ಲಿ ನೋಡಬಹುದು. ಒಂದು ಅಂಕಿಗಿಂತ ಅದರ ನಡೆ ಮುಖ್ಯ: ಭಾರ ಬಿದ್ದಾಗ ಎಷ್ಟು ಏರಿತು, ಬಿಟ್ಟಾಗ ಎಷ್ಟು ಬೇಗ ಇಳಿಯಿತು ಎಂಬುದನ್ನು ಕೆಲವು ದಿನ ಗಮನಿಸಿದವರಿಗೆ ತಮ್ಮ ಕಾರಿನ ಸಹಜ ಸ್ಥಿತಿ ತಿಳಿದಿರುತ್ತದೆ. ಬೆಂಗಳೂರಿನಿಂದ ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕಿಗೆ ಕಾರು ಒಯ್ಯುವವರು ಅಲ್ಲಿನ ಸೆಕೆಯಲ್ಲಿ ಎಸಿ ಆರಿಸಿ, ಅಗತ್ಯ ಬಿದ್ದರೆ ಹೀಟರನ್ನೂ ಹಚ್ಚಿ, ಬೆವರು ಸುರಿಸುತ್ತ ಸುತ್ತು ಹಾಕಲು ಸಿದ್ಧರಿರಬೇಕು. ಕ್ಯಾಬಿನ್ ಹೀಟರ್ ಎಂದರೆ ಇನ್ನೊಂದು ಪುಟ್ಟ ರೇಡಿಯೇಟರೇ. ಹೈ ಗೇರಿಗೆ ಹೋಗಿ ಆಕ್ಸಿಲರೇಟರನ್ನು ಸಡಿಲಿಸಿ ಒಂದು ಸುತ್ತು ನಿಧಾನವಾಗಿ ಓಡಿಸುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ, ಏಕೆಂದರೆ ಆಗ ಹುಟ್ಟುವ ಉಷ್ಣ ಕಡಿಮೆ, ಬೀಸುವ ಗಾಳಿ ಸಾಕಷ್ಟು.

ಕಾರು ನಿಲ್ಲಿಸಿದೊಡನೆ ತಾಪಮಾನ ಇಳಿಯುವುದಿಲ್ಲ, ಮೊದಲು ಏರುತ್ತದೆ. ಪಂಪು ನಿಂತಿರುತ್ತದೆ, ಆದರೆ ಕಾದ ಟರ್ಬೈನ್ ಮತ್ತು ಹೆಡ್ಡಿನ ಲೋಹದಲ್ಲಿ ಕೂಡಿಟ್ಟ ಉಷ್ಣ ನಿಂತ ದ್ರವಕ್ಕೆ ಇಳಿಯುತ್ತಲೇ ಇರುತ್ತದೆ. ಇದಕ್ಕೆ ‘ಹೀಟ್ ಸೋಕ್’ ಎಂದು ಹೆಸರು. ಬಿಸಿಯಾದ ದ್ರವ ಹಗುರಾಗಿ ಮೇಲೇರಿ, ತಣ್ಣನೆಯದು ಆ ಜಾಗಕ್ಕೆ ಬರುವ ಸಹಜ ಹರಿವು ಇಲ್ಲಿ ಸ್ವಲ್ಪ ನೆರವಾಗುತ್ತದೆ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರುಗಳಲ್ಲಿ ಆರಂಭದ ಕೆಲವನ್ನು ಬಿಟ್ಟರೆ ಉಳಿದವೆಲ್ಲ ಪಂಪೇ ಇಲ್ಲದೆ ಈ ಹರಿವನ್ನೇ ನಂಬಿ ಓಡಿದವು. ಇಂದಿನ ಟರ್ಬೊಗೆ ಅಷ್ಟು ಸಾಲದು ಎಂದೇ ಆಕ್ಟೇವಿಯಾ ಆರ್‌ಎಸ್‌ನಂಥ ಕಾರುಗಳಲ್ಲಿ ವಿದ್ಯುತ್ತಿನಿಂದ ನಡೆಯುವ ಚಿಕ್ಕ ಪಂಪೊಂದಿದ್ದು, ಎಂಜಿನ್ ಆರಿದ ಮೇಲೂ ಅಗತ್ಯವಿದ್ದಷ್ಟು ಹೊತ್ತು ಕೂಲಂಟನ್ನು ಸುತ್ತಿಸುತ್ತದೆ. ಕೀಲಿ ತೆಗೆದು ಮನೆಯೊಳಗೆ ಹೋಗುವಾಗ ಬಾನೆಟ್ಟಿನ ಕೆಳಗೆ ಕೇಳುವ ಮೆಲ್ಲನೆಯ ಗುಂಯ್‌ಗುಟ್ಟುವಿಕೆ ಅದರದು, ಕೆಲವೊಮ್ಮೆ ಫ್ಯಾನಿನದು. ಅದು ನಿಂತ ಮೇಲೂ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕುವ ಮೊದಲು ಎಂಜಿನ್ ಪೂರ್ತಿ ಆರುವವರೆಗೆ ಕಾಯಬೇಕು, ಏಕೆಂದರೆ ಒತ್ತಡ ಹೋದ ಮರುಕ್ಷಣವೇ ಒಳಗಿನ ದ್ರವ ಕುದಿದು ಮುಖಕ್ಕೆ ಚಿಮ್ಮಬಹುದು.