ಅಪ್ಪನ ಕಡೆಯ ಅತ್ತೆಯನ್ನೂ ಕೇಳಬೇಕು

ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಒಂದು ಫಾರ್ಮ್ ಹಿಡಿದು ಬರುತ್ತಾರೆ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಬಿಪಿ, ಶುಗರ್, ಹೃದಯದ ಕಾಯಿಲೆ ಇದೆಯೇ ಎಂದು ಕೇಳುತ್ತಾರೆ. ನಿಮ್ಮ ಎದೆಯಲ್ಲಿ ಗಂಟು ಇದೆಯೇ ಎಂದೂ ಕೇಳುತ್ತಾರೆ. ಮನೆತನದಲ್ಲಿ ಯಾರಿಗಾದರೂ ಕ್ಯಾನ್ಸರ್ ಆಗಿತ್ತೇ ಎಂಬ ಪ್ರಶ್ನೆ ಮಾತ್ರ ಅಲ್ಲಿಲ್ಲ. ಕಲಬುರಗಿಯಲ್ಲಿ ಸ್ತನ ಕ್ಯಾನ್ಸರ್ ರೋಗಿಗಳನ್ನು ನೋಡುವ ನನಗೆ ಈ ಒಂದು ಸಾಲು ಇಲ್ಲದಿರುವುದು ತುಂಬಾ ಕಾಡುತ್ತದೆ.

ಸ್ತನ ಕ್ಯಾನ್ಸರ್‌ಗಳಲ್ಲಿ ಶೇ 5ರಿಂದ 10ರಷ್ಟು ವಂಶದಿಂದ ಬರುವಂಥವು. ಬಿಆರ್‌ಸಿಎ 1 ಮತ್ತು 2 ಎಂಬ ಜೀನ್‌ಗಳಲ್ಲಿನ ದೋಷ ಇದಕ್ಕೆ ಮುಖ್ಯ ಕಾರಣ. ದೋಷ ಇರುವುದು ಅಪ್ಪನಲ್ಲಾಗಲಿ ಅಮ್ಮನಲ್ಲಾಗಲಿ, ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಸೋದರಮಾವನಿಗೆ ಕೊಟ್ಟಿದ್ದಕ್ಕೇ ಹೀಗಾಯಿತಾ ಎಂದು ಇಲ್ಲಿ ತುಂಬಾ ಜನ ಕೇಳುತ್ತಾರೆ. ಇಲ್ಲ. ಒಬ್ಬರಿಂದ ಬಂದರೂ ಸಾಕು.

"ನಮ್ಮನ್ಯಾಗ ಯಾರಿಗೂ ಇಲ್ರೀ ಡಾಕ್ಟ್ರೇ" ಎನ್ನುತ್ತಾರೆ ಮೊದಲು. ಕಾಗದದ ಮೇಲೆ ಮನೆತನದ ನಕ್ಷೆ ಬರೆಯುತ್ತಾ ಅಪ್ಪನ ಅಕ್ಕ-ತಂಗಿಯರ ಬಗ್ಗೆ ಕೇಳಿದಾಗ ಮಾತು ಬದಲಾಗುತ್ತದೆ: "ನಮ್ಮ ಅತ್ತಿಗಿ ಎದಿ ಗಂಟಾಗಿತ್ರೀ, ಸೋಲಾಪುರಕ್ಕ ಒಯ್ದಿದ್ರು. ಆದ್ರ ಆಕಿ ಅಪ್ಪನ ಕಡೀಕಿರೀ!" ಅಪ್ಪನ ಕಡೆಯದು ಲೆಕ್ಕಕ್ಕಿಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿ.

ಜೀನ್ ಪರೀಕ್ಷೆಯನ್ನು ಮೊದಲು ರೋಗ ಬಂದವರಿಗೇ ಮಾಡಬೇಕು. ಅವರ ರಕ್ತದಲ್ಲಿ ಜೀನ್ ಪೂರ್ತಿ ಓದಬೇಕಾದ್ದರಿಂದ ಖರ್ಚು ಸಾವಿರಾರು ರೂಪಾಯಿ. ದೋಷ ಎಲ್ಲಿದೆ ಎಂದು ಒಮ್ಮೆ ಸಿಕ್ಕರೆ, ತಂಗಿ, ಮಗಳು, ಅಣ್ಣ-ತಮ್ಮಂದಿರಿಗೆ ಆ ಒಂದು ಜಾಗ ನೋಡಿದರೆ ಆಯಿತು. ಖರ್ಚು ಬಹಳ ಇಳಿಯುತ್ತದೆ. ಸರ್ಕಾರದ ದುಡ್ಡು ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಇಲ್ಲೇ. ಆದರೆ ನಮ್ಮ ಆರೋಗ್ಯ ಯೋಜನೆಗಳು ಹೆಚ್ಚಾಗಿ ನೋಡುವುದು ಆಸ್ಪತ್ರೆಗೆ ಸೇರಿದವರ ಚಿಕಿತ್ಸೆಯನ್ನು. ಆರೋಗ್ಯವಾಗಿರುವ ತಂಗಿಯ ಪರೀಕ್ಷೆ ಅವಳ ಜೇಬಿನ ಮೇಲೇ ಬೀಳುತ್ತದೆ.

ತಪಾಸಣೆಯಲ್ಲೂ ಇದೇ ತೊಂದರೆ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದ ಹೆಣ್ಣುಮಕ್ಕಳಿಗೆ ಐದು ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷೆ ಇದೆ. ಎಲ್ಲರಿಗೂ ಅದು ಬೇಕೇ ಬೇಕು. ಬಿಆರ್‌ಸಿಎ ದೋಷ ಇರುವವರಿಗೆ ಮಾತ್ರ ಅದು ಸಾಲದು. 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರಿಂದ ಜೊತೆಗೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಬೇಕು. ಇದೇ ದೋಷದಿಂದ ಅಂಡಾಶಯದ ಕ್ಯಾನ್ಸರ್ ಕೂಡ ಬರಬಹುದಾದ್ದರಿಂದ ಅದರ ಬಗ್ಗೆಯೂ ಎಚ್ಚರ ಬೇಕು.

ಸಂಶೋಧನೆಯೂ ನಮ್ಮ ಕಡೆ ಬರಬೇಕು. "ಅರ್ಥ ಖಚಿತವಿಲ್ಲದ ಬದಲಾವಣೆ", ಅಂದರೆ ಜೀನ್‌ನಲ್ಲಿ ಬದಲಾವಣೆ ಕಂಡರೂ ಅದು ರೋಗ ತರುತ್ತದೋ ಇಲ್ಲವೋ ಹೇಳಲಾಗದು ಎಂಬ ವರದಿಗಳು ನಮ್ಮ ರೋಗಿಗಳಿಗೂ ಬರುತ್ತವೆ. ಹೋಲಿಸಿ ನೋಡಲು ಇರುವ ಮಾಹಿತಿ ಬಹುಪಾಲು ಯುರೋಪಿನ ಮೂಲದವರದು. ದೇಶದ 10,000 ಜನರ ಜೀನೋಮ್ (ಎಲ್ಲ ಜೀನ್‌ಗಳ ಪೂರ್ತಿ ಮಾಹಿತಿ) ಓದಿದ ಸರ್ಕಾರಿ ಯೋಜನೆ ಒಳ್ಳೆಯ ಹೆಜ್ಜೆ. ಬೀದರ್, ಯಾದಗಿರಿಯ ಕ್ಯಾನ್ಸರ್ ಕುಟುಂಬಗಳ ಮಾಹಿತಿಯೂ ಹೀಗೇ ಸೇರಬೇಕು. ಕಲ್ಯಾಣ ಕರ್ನಾಟಕಕ್ಕೆಂದು ಸಂವಿಧಾನದ 371ಜೆ ವಿಧಿಯಡಿ ಬರುವ ಅನುದಾನದಲ್ಲಿ ಕಲಬುರಗಿಗೆ ಒಬ್ಬ ಜೆನೆಟಿಕ್ ಕೌನ್ಸೆಲರ್ (ವಂಶದಿಂದ ಬರುವ ರೋಗಗಳ ಬಗ್ಗೆ ಸಲಹೆ ಕೊಡುವವರು), ಉಚಿತ ರಕ್ತ ಪರೀಕ್ಷೆ ಕೊಡಿ. ರಕ್ತದ ಮಾದರಿ ಬೆಂಗಳೂರಿಗೆ ಹೋಗಲಿ, ರೋಗಿಯ ಮನೆಮಂದಿ ಹೋಗುವುದು ಬೇಡ.

ಅಲ್ಲಿಯವರೆಗೆ ಆಸ್ಪತ್ರೆಗೆ ಬರುವಾಗ ಎರಡೂ ಕಡೆಯವರಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಆಗಿತ್ತು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. ಹಳೆಯ ಬಯಾಪ್ಸಿ (ಗಂಟಿನ ತುಣುಕು ತೆಗೆದು ಮಾಡಿದ ಪರೀಕ್ಷೆ) ರಿಪೋರ್ಟ್ ಇದ್ದರೆ ಎಸೆಯಬೇಡಿ, ಅದನ್ನೂ ತನ್ನಿ.