ಟೊಲೆಡೊದಿಂದ ಸೆವಿಲ್‌ಗೆ ನೇರ ರೈಲಿಲ್ಲ ಸ್ವಾಮಿ

ಸ್ಪೇನ್ ಪ್ರವಾಸದ ಪ್ಲಾನ್ ಹಿಡಿದು ಬಂದವರ ಕಾಗದದಲ್ಲಿ ನಾನು ಮೊದಲು ಹುಡುಕುವುದು ಟೊಲೆಡೊವನ್ನು. ಹೆಚ್ಚಿನವರದ್ದು ಒಂದೇ ಥರ. ಮೊದಲು ಮ್ಯಾಡ್ರಿಡ್, ಆಮೇಲೆ ಒಂದು ರಾತ್ರಿ ಟೊಲೆಡೊ, ಬೆಳಿಗ್ಗೆ ಎದ್ದು ಅಲ್ಲಿಂದಲೇ ಸೆವಿಲ್. ಹೋಟೆಲ್ ದುಡ್ಡು ಕಟ್ಟಿಯಾಗಿರುತ್ತದೆ. "ನೇರ ರೈಲು ಆನ್‌ಲೈನಲ್ಲಿ ಸಿಗ್ತಿಲ್ಲ, ನೀವೇ ಮಾಡಿಸಿಕೊಡಿ" ಅನ್ನುತ್ತಾರೆ.

ಇಲ್ಲದ ರೈಲಿಗೆ ನಾನು ಎಲ್ಲಿಂದ ಟಿಕೆಟ್ ತರಲಿ?

ಮ್ಯಾಪಿನಲ್ಲಿ ಟೊಲೆಡೊ ಮ್ಯಾಡ್ರಿಡ್‌ನ ದಕ್ಷಿಣಕ್ಕಿದೆ, ಸೆವಿಲ್ ಇನ್ನೂ ದಕ್ಷಿಣಕ್ಕೆ. ದಾರಿಯಲ್ಲೇ ಸಿಗುವ ಊರು ಅನ್ನಿಸುವುದು ಸಹಜ. ಆದರೆ 1992ರಲ್ಲಿ ಶುರುವಾದ ಮ್ಯಾಡ್ರಿಡ್–ಸೆವಿಲ್ ಹೈಸ್ಪೀಡ್ ಹಳಿ ಟೊಲೆಡೊ ಊರನ್ನು ಮುಟ್ಟುವುದೇ ಇಲ್ಲ. 2005ರಲ್ಲಿ ಆ ಹಳಿಗೆ ಲಾ ಸಾಗ್ರಾ ಎಂಬಲ್ಲಿ ಒಂದು ಕವಲು ಜೋಡಿಸಿದರು. ಸುಮಾರು 21 ಕಿ.ಮೀ. ಉದ್ದ, ಅಷ್ಟೇ. ಮ್ಯಾಡ್ರಿಡ್‌ನ ಅತೋಚಾ ಸ್ಟೇಷನ್‌ನಿಂದ ಹೊರಟ ಅವಾಂತ್ (ಹತ್ತಿರದ ಊರುಗಳಿಗೆ ಓಡುವ ಹೈಸ್ಪೀಡ್) ರೈಲು ಅರ್ಧ ಗಂಟೆ ಚಿಲ್ಲರೆಯಲ್ಲಿ ಟೊಲೆಡೊ ತಲುಪುತ್ತದೆ, ಬಂದ ದಾರಿಯಲ್ಲೇ ಮ್ಯಾಡ್ರಿಡ್‌ಗೆ ವಾಪಸ್ ಹೋಗುತ್ತದೆ. ನಮ್ಮ ಚಾಮರಾಜನಗರ ಇದ್ದ ಹಾಗೆ. ಮೈಸೂರಿನಿಂದ ರೈಲು ಬರುತ್ತದೆ, ಆಚೆ ಕೊಯಮತ್ತೂರಿನ ಕಡೆಗೆ ಹಳಿ ಇಲ್ಲ.

ಇಷ್ಟು ಹೇಳಿದ ಮೇಲೂ ಮೈಸೂರಿನ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಬಿಡಲಿಲ್ಲ. ಮ್ಯಾಪಿನ ಪ್ರಿಂಟ್ ಮೇಲೆ ಸ್ಕೇಲ್ ಇಟ್ಟು ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಂಡು ಬಂದಿದ್ದರು. "ಸರಿ, ಲಾ ಸಾಗ್ರಾದಲ್ಲಿ ಇಳಿದು ಸೆವಿಲ್ ರೈಲು ಹತ್ತಿಕೊಳ್ತೀವಿ, ಆಗಲ್ವಾ?" ಆಗಲ್ಲ ಸಾರ್. ಅದು ಜನ ಹತ್ತಿ ಇಳಿಯುವ ಸ್ಟೇಷನ್ ಅಲ್ಲ, ಹಳಿ ಕವಲೊಡೆಯುವ ಜಾಗ. ಅವರ ಹೆಂಡತಿ ಪಕ್ಕದಲ್ಲಿ ಕೂತು ನಗುತ್ತಿದ್ದರು. ಇಂಥವರ ಮೇಲೆ ಸಿಟ್ಟು ಮಾಡಿಕೊಳ್ಳೋಕೂ ಆಗಲ್ಲ. ಸುಮ್ನೆ ಬಂದು "ಏನೋ ಒಂದು ಮಾಡಿ" ಅನ್ನುವವರಿಗಿಂತ ಸ್ಕೇಲ್ ಹಿಡಿದು ಬರುವವರು ನನಗೆ ಇಷ್ಟ.

ಹಾಗಾದರೆ ಏನು ಮಾಡಬೇಕು? ಲಗೇಜನ್ನು ಮ್ಯಾಡ್ರಿಡ್ ಹೋಟೆಲಿನಲ್ಲೇ ಬಿಟ್ಟು ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ರಾತ್ರಿ ಉಳಿಯಲೇಬೇಕು ಅಂದರೆ ಉಳಿಯಿರಿ, ಪ್ರವಾಸಿಗಳ ಬಸ್ಸುಗಳು ಹೊರಟ ಮೇಲೆ ಆ ಊರು ನಿಜಕ್ಕೂ ಚೆನ್ನ. ಆದರೆ ಮಾರನೆಯ ದಿನ ಅತೋಚಾಕ್ಕೆ ಬಂದೇ ಸೆವಿಲ್ ರೈಲು ಹಿಡಿಯಬೇಕು. ಎರಡು ಟಿಕೆಟ್ ಬೇರೆಬೇರೆಯಾಗಿ ತೆಗೆದಿದ್ದರೆ ನಡುವೆ ಒಂದು ಗಂಟೆಯಾದರೂ ಇರಲಿ. ಅಲ್ಲಿ ಬ್ಯಾಗ್ ಸ್ಕ್ಯಾನ್ ಮಾಡಿಸಿಯೇ ಒಳಗೆ ಬಿಡುವುದು, ಸಾಲು ಜಾಸ್ತಿ ಇರಬಹುದು. ಅವಾಂತ್‌ನಲ್ಲೂ ಸೀಟ್ ನಂಬರ್ ಇರುತ್ತದೆ. ಹತ್ತಿರದ ಊರು ತಾನೇ ಅಂತ ಕೊನೇ ಗಳಿಗೆಗೆ ಹೋದರೆ ಬೆಳಗಿನ ರೈಲುಗಳು ತುಂಬಿರುವುದುಂಟು.

ಟೊಲೆಡೊದಲ್ಲಿ ಇಳಿದ ತಕ್ಷಣ ಬಸ್ಸಿಗೆ ಓಡಬೇಡಿ. ಸ್ಟೇಷನ್ ಕಟ್ಟಡ 1919ರದ್ದು. ಇಟ್ಟಿಗೆಯ ಕಮಾನು, ಬಣ್ಣದ ಗಾಜು, ಕೆತ್ತನೆಯ ಮರದ ಟಿಕೆಟ್ ಕೌಂಟರ್. ನೋಡೋಕೆ ಹತ್ತು ನಿಮಿಷ ಕೊಡಿ.

ಹಳಿಯನ್ನು ಟೊಲೆಡೊದಿಂದ ಪಶ್ಚಿಮಕ್ಕೆ, ಎಕ್ಸ್‌ಟ್ರೆಮದುರಾ ಎಂಬ ಪ್ರಾಂತ್ಯದ ಕಡೆಗೆ ಒಯ್ಯುವ ಮಾತು ಇದೆ. ಆ ಸುದ್ದಿಯ ಲಿಂಕನ್ನು ಮ್ಯಾನೇಜರ್ ಸಾಹೇಬರೇ ನನಗೆ ಕಳಿಸಿದರು, ಕೆಳಗೆ "ಈಗ?" ಅಂತ ಬರೆದು. ಆ ಹಳಿ ಬಂದರೂ ಸೆವಿಲ್ ಕಡೆಗಲ್ಲ ಸಾರ್, ಪೋರ್ಚುಗಲ್ ಕಡೆಗೆ.